ಡ್ರಮ್ಮಿನ ನೀರು, ಮಗುವಿನ ಜ್ವರ

2024ರ ಜುಲೈ ತಿಂಗಳ ಒಂದು ಬೆಳಿಗ್ಗೆ ಬೆಂಗಳೂರಿನ ನಮ್ಮ ಬೀದಿಗೆ ಇಬ್ಬರು ಆಶಾ ಕಾರ್ಯಕರ್ತೆಯರು ಬಂದರು. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ರಿಜಿಸ್ಟರ್ ಪುಸ್ತಕ. ಪಕ್ಕದ ವಠಾರದ ಮೆಟ್ಟಿಲ ಕೆಳಗೆ ಸಾಲಾಗಿ ಐದು ನೀಲಿ ಡ್ರಮ್ಮುಗಳಿದ್ದವು. ಒಂದರ ಮುಚ್ಚಳ ಎತ್ತಿ ಒಳಗೆ ಬೆಳಕು ಬಿಟ್ಟರು. ನಾನೂ ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು, ತಳ ಕಾಣುತ್ತಿತ್ತು. ಬೆಳಕು ಬಿದ್ದಿದ್ದೇ ತಡ, ಕೂದಲೆಳೆಯಷ್ಟು ಸಣ್ಣ ಹತ್ತಿಪ್ಪತ್ತು ಹುಳುಗಳು ಮೈ ಕೊಂಕಿಸಿಕೊಂಡು ಸರ್ರನೆ ತಳಕ್ಕೆ ಇಳಿದವು.

“ಅಕ್ಕಾ, ಸೊಳ್ಳೆ ಮರಿ ಇದೆ. ಇದನ್ನ ಈಗ್ಲೇ ಚೆಲ್ಲಬೇಕು,” ಅಂದರು ಆಶಾ ಕಾರ್ಯಕರ್ತೆಯೊಬ್ಬರು.

ಆ ಮನೆಯ ಹೆಂಗಸಿಗೆ ಐವತ್ತೈದರ ಮೇಲಿರಬಹುದು. ಸೊಂಟದ ಮೇಲೆ ಮೊಮ್ಮಗು. “ಮೂರು ದಿನಕ್ಕೊಂದ್ಸಲ ನೀರು ಬಿಡ್ತಾರೆ ಕಣಮ್ಮ. ಚೆಲ್ಲು ಅಂತೀಯಲ್ಲ, ನಾಳೆ ಅಡುಗೆಗೆ ಏನು ಮಾಡ್ಲಿ?”

ಇಬ್ಬರು ಹೇಳಿದ್ದೂ ಸರಿ. ಹವಾಮಾನ ಬದಲಾದರೆ ಮಕ್ಕಳಿಗೆ ಕಾಯಿಲೆ ಹೇಗೆ ಜಾಸ್ತಿ ಆಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಕರಗುತ್ತಿರುವ ಹಿಮಗಡ್ಡೆ ನೆನಪಾಗುವುದಿಲ್ಲ. ಈ ಡ್ರಮ್ಮು ನೆನಪಾಗುತ್ತದೆ. ಅದು ಆ ಮೆಟ್ಟಿಲ ಕೆಳಗೆ ಹೇಗೆ ಬಂತು ಅನ್ನೋದನ್ನು ಹಿಂದಿನಿಂದ ಹೇಳಬೇಕು.

2023ರಲ್ಲಿ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮರುವರ್ಷದ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿದ್ದವು. ಟ್ಯಾಂಕರಿಗೆ ಬೆಲೆ ಏರಿ, ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ನಮ್ಮ ಬೀದಿಯಲ್ಲಿ ಮನೆಮನೆಗೂ ಡ್ರಮ್ಮು ಬಂದದ್ದು ಆಗಲೇ. ನಾವೂ ಎರಡು ತಂದೆವು. ಮೊದಲೇ ಬಳಸಿ ಬಿಟ್ಟ ಡ್ರಮ್ಮುಗಳು. ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ.

ಆ ಏಪ್ರಿಲಿನಲ್ಲಿ ಊರಿಗೆ ಒಂದು ಹನಿ ಮಳೆ ಬೀಳಲಿಲ್ಲ. ನಾಲ್ಕು ದಶಕದಲ್ಲಿ ಅಂಥ ಏಪ್ರಿಲ್ ಬಂದಿರಲಿಲ್ಲ. 28ನೇ ತಾರೀಕು 38.5 ಡಿಗ್ರಿ. ಈಚಿನ ದಶಕಗಳಲ್ಲಿ ಬೆಂಗಳೂರಿಗೆ ಅದಕ್ಕಿಂತ ಜಾಸ್ತಿ ಬಿಸಿಲು ದಾಖಲಾಗಿದ್ದದ್ದು 2016ರ ಏಪ್ರಿಲಿನಲ್ಲಿ ಮಾತ್ರ. ಮೇ ತಿಂಗಳಲ್ಲಿ ಮಳೆ ಶುರುವಾಯಿತು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ನೂರಕ್ಕೂ ಹೆಚ್ಚು ವರ್ಷದ ದಾಖಲೆ ಅದು. ಜೂನ್ ಕೊನೆಗೆ ಮಕ್ಕಳ ವಾರ್ಡುಗಳಲ್ಲಿ ಹಾಸಿಗೆ ಸಿಗುವುದು ಕಷ್ಟವಾಗಿತ್ತು. ಜುಲೈನಲ್ಲಿ ಹೈಕೋರ್ಟ್ ತಾನಾಗಿಯೇ ಡೆಂಗಿಯ ವಿಷಯ ಕೈಗೆತ್ತಿಕೊಂಡಿತು. ಸೆಪ್ಟೆಂಬರ್ ಶುರುವಿಗೆ ರಾಜ್ಯದ ಡೆಂಗಿ ಪ್ರಕರಣ 25 ಸಾವಿರ ದಾಟಿತು. ಹಿಂದಿನ ವರ್ಷ ಇಡೀ ಹನ್ನೆರಡು ತಿಂಗಳಿಗೆ ಆಗಿದ್ದು ಸುಮಾರು 19 ಸಾವಿರ. ಆಗಲೇ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಿದ್ದು.

ಪತ್ರಿಕೆಗಳಲ್ಲಿ ಇವೆಲ್ಲ ಬೇರೆ ಬೇರೆ ಸುದ್ದಿಯಾಗಿ ಬಂದವು. ಬರ ಒಂದು ಪುಟ, ಬಿಸಿಲು ಒಂದು ಪುಟ, ಮಳೆ ಒಂದು ಪುಟ, ಜ್ವರ ಇನ್ನೊಂದು ಪುಟ. ಆದರೆ ಆ ಹೆಂಗಸಿನ ಮನೆಯಲ್ಲಿ ನಾಲ್ಕೂ ಬಂದು ಸೇರಿದ್ದು ಒಂದೇ ಡ್ರಮ್ಮಿಗೆ. ನೀರಿಲ್ಲದ್ದಕ್ಕೆ ಡ್ರಮ್ಮು ಬಂತು. ಬಿಸಿಲಿಗೆ ಅದರೊಳಗಿನ ನೀರು ಸೊಳ್ಳೆಗೆ ಹದವಾಯಿತು. ಮಳೆಗೆ ಸುತ್ತಲಿನ ಟೈರು, ಹೂವಿನ ಕುಂಡದ ತಟ್ಟೆ, ಎಳನೀರು ಬುರುಡೆ, ಅಂಗಳದ ಒರಳುಕಲ್ಲು ಎಲ್ಲ ತುಂಬಿಕೊಂಡವು.

ಡೆಂಗಿ ಹರಡುವ ಈಡಿಸ್ ಸೊಳ್ಳೆಯ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಸೊಳ್ಳೆ ಅಂದ ಕೂಡಲೇ ಎಲ್ಲರೂ ಚರಂಡಿಯ ಕಡೆ ಕೈ ತೋರಿಸುತ್ತಾರೆ. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವುದು ಸಾಮಾನ್ಯವಾಗಿ ಬೇರೆ ಜಾತಿಯ ಸೊಳ್ಳೆ. ಈಡಿಸ್‌ಗೆ ಬೇಕಿರುವುದು ನಾವು ಕುಡಿಯಲು, ತೊಳೆಯಲು ಹಿಡಿದಿಟ್ಟುಕೊಳ್ಳುವಂಥ ತಿಳಿ ನೀರು. ಅದು ಮೊಟ್ಟೆ ಇಡುವುದು ನೀರಿನ ಗೆರೆಗೆ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಒಂದೊಂದು ಮೊಟ್ಟೆಯೂ ಮಸಿಯ ಪುಡಿಯಷ್ಟು. ಪಾತ್ರೆ ಒಣಗಿದರೂ ಅದು ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಗೋಡೆ ಹತ್ತಿದಾಗ ಒಡೆಯುತ್ತದೆ. ಹಾಗಾಗಿ ಡ್ರಮ್ಮಿನ ನೀರು ಚೆಲ್ಲಿ ಸುಮ್ನೆ ಮತ್ತೆ ತುಂಬಿಸಿದರೆ ಪ್ರಯೋಜನ ಇಲ್ಲ. ಒಳಗೋಡೆಯನ್ನು ಬ್ರಷ್ಷಿನಲ್ಲೋ ತೆಂಗಿನ ನಾರಿನಲ್ಲೋ ತಿಕ್ಕಿ ಉಜ್ಜಬೇಕು, ವಾರಕ್ಕೆ ಒಮ್ಮೆಯಾದರೂ. ವಾರ ಯಾಕೆ ಅಂದರೆ, ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಒಡೆದು ರೆಕ್ಕೆ ಬಂದು ಹಾರುವುದಕ್ಕೆ ಏಳರಿಂದ ಹತ್ತು ದಿನ ಸಾಕು. ಚಳಿ ಇದ್ದರೆ ಇನ್ನೂ ಜಾಸ್ತಿ ದಿನ ಹಿಡಿಯುತ್ತದೆ.

ಬಿಸಿ ಏರಿದಾಗ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಗುವುದು ಸೊಳ್ಳೆಯ ಹೊಟ್ಟೆಯೊಳಗೆ. ಜ್ವರ ಇರುವವರ ರಕ್ತ ಹೀರಿದ ಸೊಳ್ಳೆ ಕೂಡಲೇ ರೋಗ ಹರಡಲಾರದು. ವೈರಸ್ಸು ಅದರ ಹೊಟ್ಟೆಯಲ್ಲಿ ಬೆಳೆದು, ಮೈಯೆಲ್ಲ ದಾಟಿ, ಎಂಜಲಿಗೆ ಬರಬೇಕು. 25 ಡಿಗ್ರಿಯಲ್ಲಿ ಇದಕ್ಕೆ ಸುಮಾರು ಎರಡು ವಾರ ಬೇಕು. 30 ಡಿಗ್ರಿಯಲ್ಲಿ ಒಂದು ವಾರದ ಆಸುಪಾಸು ಸಾಕು. ಸೊಳ್ಳೆಯ ಆಯಸ್ಸೇ ಎರಡರಿಂದ ನಾಲ್ಕು ವಾರ. ಅಂದರೆ ತಂಪಾಗಿದ್ದ ದಿನಗಳಲ್ಲಿ ಎಷ್ಟೋ ಸೊಳ್ಳೆಗಳು ವೈರಸ್ಸು ಎಂಜಲಿಗೆ ಬರುವ ಮೊದಲೇ ಸತ್ತುಹೋಗುತ್ತಿದ್ದವು. ಐದು ಡಿಗ್ರಿ ಏರಿದರೆ ಅವೇ ಸೊಳ್ಳೆಗಳಿಗೆ ಇನ್ನೊಂದು ವಾರ ಕಚ್ಚಲು ಸಿಗುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿಗೆ ಹಿಂದೆ ತಂಪು ಒಂದು ರಕ್ಷಣೆಯೂ ಆಗಿತ್ತು. ಅದು ಈಗ ತೆಳುವಾಗುತ್ತಿದೆ. ಭೂಮಿ ಬಿಸಿಯಾಗುತ್ತಿರುವುದರ ಜೊತೆಗೆ ಕೆರೆ, ಮರ ಹೋಗಿ ಕಾಂಕ್ರೀಟು ಬಂದದ್ದೂ ಇದರಲ್ಲಿ ಸೇರಿದೆ.

ಹಾಗಂತ ಬಿಸಿಲು ಏರಿದಷ್ಟೂ ಡೆಂಗಿ ಏರುತ್ತಲೇ ಹೋಗುತ್ತದೆ ಅಂತಲ್ಲ. 29 ಡಿಗ್ರಿಯ ಹತ್ತಿರ ಹರಡುವಿಕೆ ಅತಿ ಜೋರು. 35 ದಾಟಿದರೆ ಸೊಳ್ಳೆಗೂ ಕಷ್ಟ. ಮಳೆಯೂ ಹಾಗೆಯೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಸೋಫಿಯಾ ಯಾಕೋಬ್, ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು ಪುಣೆ ನಗರದ ಡೆಂಗಿ ಸಾವುಗಳನ್ನು ಹವಾಮಾನದ ಜೊತೆ ಹೋಲಿಸಿ 2025ರ ಜನವರಿಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಳೆಗಾಲದಲ್ಲಿ 27 ಡಿಗ್ರಿಗಿಂತ ಹೆಚ್ಚು ಶಾಖ, ಹದವಾಗಿ ಹಂಚಿಕೊಂಡು ಬೀಳುವ ಮಳೆ, ಗಾಳಿಯಲ್ಲಿ ಶೇ 60ರಿಂದ 78ರಷ್ಟು ತೇವ. ಇವು ಮೂರೂ ಕೂಡಿದರೆ ಡೆಂಗಿ ಏರುತ್ತದೆ. ವಾರಕ್ಕೆ 150 ಮಿಲಿಮೀಟರಿಗಿಂತ ಹೆಚ್ಚು ಸುರಿದರೆ ಮೊಟ್ಟೆ, ಮರಿ ಎಲ್ಲ ಕೊಚ್ಚಿಹೋಗಿ ಇಳಿಯುತ್ತದೆ. ಪುಣೆಯೂ ನಮ್ಮ ಹಾಗೆ ಎತ್ತರದ, ಒಂದು ಕಾಲಕ್ಕೆ ತಂಪಾಗಿದ್ದ ಊರು. ಆದ್ದರಿಂದ ಈ ಅಧ್ಯಯನವನ್ನು ನಮ್ಮ ಊರಿಗಾಗಿ ಮಾಡಿದ್ದೇನೋ ಅನ್ನುವಷ್ಟು ಗಮನ ಕೊಟ್ಟು ಓದಿದೆ. ಅದರಲ್ಲಿ ನನಗೆ ಮುಖ್ಯ ಅನಿಸಿದ್ದು ಇನ್ನೊಂದು ಮಾತು: ಈ ಲೆಕ್ಕ ಹಿಡಿದರೆ ಡೆಂಗಿ ಏರುವುದನ್ನು ಎರಡು ತಿಂಗಳಿಗೂ ಮೊದಲೇ ಹೇಳಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಮಕ್ಕಳ ವಿಷಯ.

ಈಡಿಸ್ ಹಗಲು ಕಚ್ಚುತ್ತದೆ. ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಅದರ ಹಾವಳಿ ಜಾಸ್ತಿ. ಆ ಹೊತ್ತಿಗೆ ಮಕ್ಕಳು ಎಲ್ಲಿರುತ್ತಾರೆ? ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ, ಸಂಜೆ ಆಟದ ಬಯಲಿನಲ್ಲಿ. ಮೈಮೇಲೆ ಚಡ್ಡಿ, ಸ್ಕರ್ಟು, ಅರ್ಧ ತೋಳಿನ ಅಂಗಿ. ಮೊಣಕಾಲಿನಿಂದ ಕೆಳಗೆ ಬರಿಗಾಲು. ಬೆಂಚಿನ ಕೆಳಗೆ ಕತ್ತಲು, ಈಡಿಸ್‌ಗೆ ಇಷ್ಟವಾದ ಜಾಗ. ಈ ಸೊಳ್ಳೆ ದೂರ ಹಾರುವುದೂ ಇಲ್ಲ. ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಅಷ್ಟೆ. ಹಾಗಾಗಿ ಮಗುವಿಗೆ ಕಚ್ಚಿದ ಸೊಳ್ಳೆ ಹುಟ್ಟಿದ್ದು ಹೆಚ್ಚಾಗಿ ಅದರ ಮನೆಯ ಹತ್ತಿರ, ಇಲ್ಲವೇ ಅದರ ಶಾಲೆಯ ಹತ್ತಿರ.

ಮೈಯೊಳಗಿನ ಲೆಕ್ಕ ಇನ್ನೂ ಕಠಿಣ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆಯದ್ದು ಬಂದು ಹೋದರೆ ಆ ಬಗೆ ಮತ್ತೆ ಬರುವುದಿಲ್ಲ. ಆದರೆ ಎರಡನೇ ಸಲ ಬೇರೆ ಬಗೆ ಬಂದರೆ ಕಾಯಿಲೆ ವಿಪರೀತಕ್ಕೆ ಹೋಗುವ ಭಯ ಜಾಸ್ತಿ. ಮೊದಲ ಸಲ ರೋಗದ ವಿರುದ್ಧ ಹೋರಾಡಲು ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳು ಹೊಸ ಬಗೆಯನ್ನು ಹಿಡಿಯುತ್ತವೆ, ಕೊಲ್ಲಲಾರವು. ಉಲ್ಟಾ ಅದು ಜೀವಕೋಶದ ಒಳಗೆ ನುಗ್ಗಲು ದಾರಿ ಮಾಡಿಕೊಡುತ್ತವೆ. ಹುಟ್ಟಿ ಆರರಿಂದ ಒಂಬತ್ತು ತಿಂಗಳಾದ ಕೂಸಿಗೆ ಮೊದಲ ಸಲ ಡೆಂಗಿ ಬಂದರೂ ಹೀಗೆ ಆಗಬಹುದು. ತಾಯಿಗೆ ಹಿಂದೆ ಡೆಂಗಿ ಆಗಿದ್ದರೆ ಅವಳ ಪ್ರತಿಕಾಯ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಬಂದಿರುತ್ತದೆ. ಮೊದಲ ಕೆಲವು ತಿಂಗಳು ಅದು ಕಾಯುತ್ತದೆ. ಆಮೇಲೆ ಕಾಯುವಷ್ಟು ಉಳಿಯದೆ, ಕೆಡುಕು ಮಾಡುವಷ್ಟು ಮಾತ್ರ ಉಳಿಯುತ್ತದೆ. ಡೆಂಗಿ ಪ್ರತಿವರ್ಷ, ಉದ್ದ ಕಾಲ ಇರುವ ಊರಿನಲ್ಲಿ ಹತ್ತು ವರ್ಷ ತುಂಬುವ ಮೊದಲೇ ಎರಡನೇ ಸಲ ಕಚ್ಚಿಸಿಕೊಳ್ಳುವ ಮಕ್ಕಳು ಹೆಚ್ಚುತ್ತಾರೆ. ಹವಾಮಾನ ಬದಲಾಗುವುದಕ್ಕೂ ಮಗುವಿನ ರಕ್ತಕ್ಕೂ ಇರುವ ನಂಟು ಇದು.

ನಮ್ಮ ಅಕ್ಕನ ಮಗನಿಗೆ ಆ ಜುಲೈನಲ್ಲೇ ಜ್ವರ ಬಂತು. ಅವನಿಗೆ ಆಗ ಏಳು ವರ್ಷ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಮಾಮೂಲಿ ವೈರಲ್ ಅಂದರು. ನಾಲ್ಕನೇ ದಿನ ಬೆಳಿಗ್ಗೆ ಮೈ ತಣ್ಣಗಾಗಿತ್ತು. ಎಲ್ಲರಿಗೂ ಖುಷಿ. ಅಕ್ಕ ಅವನಿಗಿಷ್ಟ ಅಂತ ಶ್ಯಾವಿಗೆ ಉಪ್ಪಿಟ್ಟು ಮಾಡಿದಳು. ಅವನು ಎರಡು ತುತ್ತು ತಿಂದು ವಾಂತಿ ಮಾಡಿದ. ಮತ್ತೆ ಮಾಡಿದ. ಹೊಟ್ಟೆ ಹಿಡಿದುಕೊಂಡು ಸೋಫಾದ ಮೂಲೆಯಲ್ಲಿ ಮುದುರಿ ಕೂತ. ಟಿವಿ ಹಾಕಿದರೂ ನೋಡಲಿಲ್ಲ. ನಾನು ಪಾದ ಮುಟ್ಟಿದೆ. ಐಸಿನ ಹಾಗೆ ಇತ್ತು. “ಬೆಳಿಗ್ಗೆಯಿಂದ ಒಂದ ಹೋಗಿಲ್ಲ ಅಲ್ವಾ ಇವ್ನು?” ಅಂತ ಅಕ್ಕ ಕೇಳಿದಾಗ ಗಂಟೆ ಹನ್ನೆರಡು.

ಆಸ್ಪತ್ರೆಯಲ್ಲಿ ವೈದ್ಯೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. “ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಮ್ಮ.” ಜ್ವರ ಇಳಿಯುವ ಹೊತ್ತಿಗೇ, ಅಂದರೆ ಮೂರರಿಂದ ಏಳನೇ ದಿನದ ನಡುವೆ, ಸಣ್ಣ ರಕ್ತನಾಳಗಳು ಸಡಿಲವಾಗುತ್ತವೆ. ರಕ್ತದ ನೀರಿನಂಶ ಹೊಟ್ಟೆಗೆ, ಎದೆಗೂಡಿಗೆ ಸೋರುತ್ತದೆ. ಮಕ್ಕಳಲ್ಲಿ ಈ ಸೋರಿಕೆ ದೊಡ್ಡವರಿಗಿಂತ ಬೇಗ, ಜೋರು. ರಕ್ತದೊತ್ತಡ ಬೀಳುವವರೆಗೂ ಮಗು ಮಾತಾಡಿಕೊಂಡೇ ಇರಬಹುದು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಲ್ಲೋ ಮೂಗಲ್ಲೋ ರಕ್ತ, ತಣ್ಣನೆ ಕೈಕಾಲು, ಮಂಕು ಅಥವಾ ವಿಪರೀತ ಕಿರಿಕಿರಿ, ಆರು ಗಂಟೆ ಕಾಲ ಮೂತ್ರವೇ ಇಲ್ಲ. ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಬೇಕು. ನಮ್ಮ ಹುಡುಗನಿಗೆ ಅಳತೆ ನೋಡಿಕೊಂಡು ಗಂಟೆಗಂಟೆಗೆ ಡ್ರಿಪ್ ಕೊಟ್ಟರು. ನಾಲ್ಕು ದಿನಕ್ಕೆ ಮನೆಗೆ ಬಂದ.

ಆ ನಾಲ್ಕು ದಿನ ವಾರ್ಡಿನಲ್ಲಿ ಕೇಳಿದ ಪ್ರಶ್ನೆ ಒಂದೇ. “ನಿಮ್ಮ ಮಗೂಗೆ ಬಿಳಿ ರಕ್ತಕಣ ಎಷ್ಟು?” ನಮ್ಮಲ್ಲಿ ಪ್ಲೇಟ್‌ಲೆಟ್ಟಿಗೆ ಹಾಗೆ ಹೇಳುವುದು ರೂಢಿಯಾಗಿದೆ. ಬಿಳಿ ರಕ್ತಕಣ ಬೇರೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬೇರೆ. ಮತ್ತೆ, ಮಗುವಿನ ಜೀವ ತೂಗುವುದು ಆ ಸಂಖ್ಯೆಯ ಮೇಲಷ್ಟೇ ಅಲ್ಲ. ಸೋರಿಕೆ ಎಷ್ಟಾಗಿದೆ, ಅದಕ್ಕೆ ಸರಿಯಾಗಿ ನೀರಿನಂಶ ಹೋಗುತ್ತಿದೆಯೇ ಅನ್ನುವುದು ಮುಖ್ಯ. ಪಪ್ಪಾಯಿ ಎಲೆಯ ರಸಕ್ಕೆ ಊರೆಲ್ಲ ಅಲೆದು, ವಾಂತಿ ಮಾಡುತ್ತಿರುವ ಮಗುವಿಗೆ ಆ ಕಹಿಯನ್ನು ಕುಡಿಸಿ ಇನ್ನಷ್ಟು ವಾಂತಿ ಮಾಡಿಸಿದವರನ್ನು ಅಲ್ಲೇ ನೋಡಿದೆ. ಅವರ ಗಾಬರಿ ನನಗೆ ಅರ್ಥವಾಗುತ್ತದೆ. ಆದರೂ ಹೇಳಲೇಬೇಕು: ಡೆಂಗಿಯ ಅನುಮಾನ ಇದ್ದಾಗ ಜ್ವರಕ್ಕೆ ವೈದ್ಯರು ಹೇಳಿದ ಅಳತೆಯ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೇನ್, ಆಸ್ಪಿರಿನ್ ಕೊಡಬಾರದು. ರಕ್ತಸ್ರಾವ ಜಾಸ್ತಿಯಾಗುತ್ತದೆ. ಪರೀಕ್ಷೆಯ ಖರ್ಚಿಗೆ ಹೆದರಿ ತಡ ಮಾಡುವವರೂ ಇದ್ದಾರೆ. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಡೆಂಗಿ ಪತ್ತೆಯ ಎನ್‌ಎಸ್1 ಮತ್ತು ಐಜಿಎಂ ಎಲಿಸಾ ಪರೀಕ್ಷೆಗೆ ತಲಾ 300 ರೂಪಾಯಿಯ ಮಿತಿ ಹಾಕಿತು. ಒಳ್ಳೆಯ ಕೆಲಸ ಅದು.

ಇಲ್ಲಿಯವರೆಗೆ ಸೊಳ್ಳೆಯ ಮಾತಾಯಿತು. ನೀರು ಕಡಿಮೆಯಾದಾಗ ಮಗುವನ್ನು ಹಿಡಿಯುವ ಇನ್ನೊಂದು ಕಾಯಿಲೆಗೆ ಸೊಳ್ಳೆಯೂ ಬೇಕಿಲ್ಲ.

ಏಪ್ರಿಲಿನಲ್ಲಿ ದೋಸೆ ಹಿಟ್ಟು ಎಷ್ಟು ಬೇಗ ಉಬ್ಬಿ ಪಾತ್ರೆಯಿಂದ ಹೊರಗೆ ಬರುತ್ತದೆ, ಡಿಸೆಂಬರಿನಲ್ಲಿ ಎಷ್ಟು ಸತಾಯಿಸುತ್ತದೆ ಅಂತ ಅಡುಗೆ ಮಾಡುವವರಿಗೆ ಗೊತ್ತು. ಭೇದಿ ತರುವ ಬ್ಯಾಕ್ಟೀರಿಯಾಗಳಿಗೂ ಅದೇ ಲೆಕ್ಕ. ಬೆಳಿಗ್ಗೆ ಕಲಸಿದ ಮಗುವಿನ ಊಟ ಮಧ್ಯಾಹ್ನಕ್ಕೆ ಬೇರೆಯದೇ ಆಗಿರುತ್ತದೆ. ನೀರಿಗೆ ಬರ ಬಂದಾಗ ಮನೆಯಲ್ಲಿ ಮೊದಲು ನಿಲ್ಲುವುದು ಕೈ ತೊಳೆಯುವುದು. ಅಡುಗೆಗೆ, ಕುಡಿಯಲು ತೆಗೆದಿಟ್ಟು ಉಳಿದದ್ದರಲ್ಲಿ ಸೋಪು ಹಚ್ಚಿ ತೊಳೆಯುವಷ್ಟು ಎಲ್ಲಿರುತ್ತದೆ? ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು ಬರುವ ಕಡೆ ಇನ್ನೊಂದು ತೊಂದರೆ ಇದೆ. ಪೈಪು ಖಾಲಿಯಾದಾಗ ಒಳಗೆ ಒತ್ತಡ ಇರುವುದಿಲ್ಲ. ಬಿರುಕು, ಜಾಯಿಂಟುಗಳಿಂದ ಹೊರಗಿನ ಕೊಳೆ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಜೋರು ಮಳೆ ಬಂದಾಗಲೂ ಇದೇ ಕಥೆ. ಚರಂಡಿ ಉಕ್ಕುತ್ತದೆ, ಆ ಕೊಳೆ ನೆಲದಡಿಯ ಸಂಪಿನೊಳಕ್ಕೆ ಇಳಿಯುತ್ತದೆ.

ಹತ್ತು ಕಿಲೋ ತೂಕದ ಮಗುವನ್ನು ನೆನೆಸಿಕೊಳ್ಳಿ. ಸುಮಾರು ಒಂದು ವರ್ಷದ ಮಗು. ಭೇದಿಯಲ್ಲಿ ಒಂದು ಲೀಟರ್ ನೀರು ಹೋದರೆ ಅದರ ತೂಕದ ಹತ್ತನೇ ಒಂದು ಭಾಗ ಹೋದಂತೆ. ಜೀವಕ್ಕೆ ಅಪಾಯ ಅದು. ದೊಡ್ಡವರಿಗೆ ಅದೇ ಒಂದು ಲೀಟರ್ ಸುಸ್ತು ಅಷ್ಟೆ. ಮದ್ದು ಮಾತ್ರ ಅಗ್ಗದ್ದು. ಒಂದು ಪ್ಯಾಕೆಟ್ ಓಆರ್‌ಎಸ್ (ಉಪ್ಪು-ಸಕ್ಕರೆಯ ಪುಡಿ), ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಚಮಚದಲ್ಲಿ ಸ್ವಲ್ಪ ಸ್ವಲ್ಪ. ಜೊತೆಗೆ ಎದೆಹಾಲು ನಿಲ್ಲಿಸಬಾರದು, 14 ದಿನ ಜಿಂಕ್ ಮಾತ್ರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಸಕ್ಕರೆ-ಉಪ್ಪಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗೆ ಇಳಿಯಿತು. ಅಂಗಡಿಯಲ್ಲಿ ಓಆರ್‌ಎಸ್ ಹೆಸರಿನಲ್ಲಿ ಮಾರುತ್ತಿದ್ದ ಸಿಹಿ ಪಾನೀಯದ ಡಬ್ಬಿಗಳು ನಿಜವಾದ ಓಆರ್‌ಎಸ್ ಅಲ್ಲ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಭೇದಿ ಇನ್ನೂ ಹೆಚ್ಚಬಹುದು. ಅಂಥ ಪಾನೀಯಗಳಿಗೆ ಆ ಹೆಸರು ಹಾಕಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅಕ್ಟೋಬರ್ 2025ರಲ್ಲಿ ಆದೇಶ ಮಾಡಿದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಕ್ಕಳಿಗೆ ಬರುವ ಎಲ್ಲ ಕಾಯಿಲೆಯನ್ನೂ ಹವಾಮಾನದ ತಲೆಗೆ ಕಟ್ಟುವುದು ಸುಲಭ, ತಪ್ಪು ಕೂಡ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ 375 ಸೋಂಕು ರೋಗಗಳನ್ನು ತೆಗೆದುಕೊಂಡು ನೋಡಿತು. ಅದರಲ್ಲಿ ಶೇ 58 ರೋಗಗಳು ಒಂದಲ್ಲ ಒಂದು ಸಂದರ್ಭದಲ್ಲಿ ಬಿಸಿಲು, ನೆರೆ, ಬರದಂಥ ಹೊಡೆತದಿಂದ ಹೆಚ್ಚಾಗಿದ್ದವು. ಕೆಲವು ಕೆಲವೊಮ್ಮೆ ಕಡಿಮೆಯೂ ಆಗಿದ್ದವು. ನಮ್ಮಲ್ಲಿ ರೋಟಾವೈರಸ್ ಭೇದಿ ಜಾಸ್ತಿ ಬರುವುದು ತಂಪು ತಿಂಗಳುಗಳಲ್ಲಿ. ಮಲೇರಿಯಾ ನೋಡಿ. 2015ರಲ್ಲಿ ದೇಶದಲ್ಲಿ 11 ಲಕ್ಷಕ್ಕೂ ಹೆಚ್ಚು ಪ್ರಕರಣ ಇದ್ದದ್ದು 2023ಕ್ಕೆ ಸುಮಾರು 2 ಲಕ್ಷ 27 ಸಾವಿರಕ್ಕೆ ಇಳಿಯಿತು. ಆ ವರ್ಷಗಳಲ್ಲಿ ಬಿಸಿ ಏನೂ ಕಡಿಮೆಯಾಗಿರಲಿಲ್ಲ. ಪರೀಕ್ಷೆ, ಮದ್ದು, ಸೊಳ್ಳೆಪರದೆ, ಮನೆಮನೆಗೆ ಹೋಗಿ ಹುಡುಕಿದ ಕಾರ್ಯಕರ್ತರು ಅದನ್ನು ಇಳಿಸಿದರು.

ಮಲೆನಾಡಿನ ಮಂಗನ ಕಾಯಿಲೆಯಲ್ಲೂ ಇದೇ ಎಚ್ಚರ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗಿನಿಂದ ಬರುತ್ತದೆ. ಅದು ಹೊಸ ಹೊಸ ಕಡೆ ಕಾಣಿಸಿಕೊಳ್ಳುತ್ತಿರುವುದಕ್ಕೆ ಕಾಡು ತುಂಡಾಗಿದ್ದು, ಜನ-ದನ ಓಡಾಟ, ಉಣುಗಿನ ಕಾಲ ಎಲ್ಲ ಸೇರಿರುತ್ತವೆ. ಹವಾಮಾನ ಅದರಲ್ಲಿ ಒಂದು ಎಳೆ. ಅದನ್ನೇ ಪೂರ್ತಿ ಕಾರಣ ಅನ್ನಲು ನನಗೆ ಧೈರ್ಯ ಇಲ್ಲ. ಇನ್ನು ಗದ್ದೆಯ ನೀರಿನ ಸೊಳ್ಳೆ ತರುವ ಜಪಾನೀಸ್ ಮಿದುಳು ಜ್ವರಕ್ಕೆ ಲಸಿಕೆಯೇ ಇದೆ. ಡಿಸೆಂಬರ್ 2022ರಲ್ಲಿ ರಾಜ್ಯದ 10 ಜಿಲ್ಲೆಗಳ ಸುಮಾರು 48 ಲಕ್ಷ ಮಕ್ಕಳಿಗೆ ಅದನ್ನು ಹಾಕುವ ಅಭಿಯಾನ ನಡೆಯಿತು. ಬಿಸಿಲು ಮಳೆ ನಮ್ಮ ಕೈಯಲ್ಲಿ ಇಲ್ಲದಿದ್ದರೂ ಲಸಿಕೆ ನಮ್ಮ ಕೈಯಲ್ಲಿದೆ.

ಡೆಂಗಿಗೆ ಆ ಭರವಸೆ ಇನ್ನೂ ಪೂರ್ತಿ ಸಿಕ್ಕಿಲ್ಲ. ಡೆಂಗಿಆಲ್ ಎಂಬ ನಮ್ಮದೇ ಲಸಿಕೆಯ ಮೂರನೇ ಹಂತದ ಪ್ರಯೋಗ ಆಗಸ್ಟ್ 2024ರಲ್ಲಿ ಶುರುವಾಯಿತು. 10 ಸಾವಿರಕ್ಕೂ ಹೆಚ್ಚು ಜನರ ಮೇಲೆ, ಆದರೆ ಎಲ್ಲರೂ ವಯಸ್ಕರು. ಗೆದ್ದರೂ ಮಕ್ಕಳ ಸರದಿ ಅದರ ಆಮೇಲೆ. ಅಲ್ಲಿಯವರೆಗೆ ನಮಗೆ ಉಳಿದಿರುವುದು ಡ್ರಮ್ಮು, ಮುಚ್ಚಳ, ಬ್ರಷ್ಷು.

ದಂಡದ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. 2024ರ ಸೆಪ್ಟೆಂಬರಿನ ಅಧಿಸೂಚನೆಯ ಪ್ರಕಾರ ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ. ಕಟ್ಟಡ ಕಟ್ಟುವ ಜಾಗ, ಖಾಲಿ ಸೈಟುಗಳಿಗೆ ನಗರದಲ್ಲಿ 2,000. ಕಟ್ಟಡದವರಿಗೆ ಹಾಕಿದ್ದು ಸರಿ. ಲಿಫ್ಟಿನ ಗುಂಡಿಯಲ್ಲಿ, ಕ್ಯೂರಿಂಗ್ ಮಾಡಿದ ತಾರಸಿಯಲ್ಲಿ ವಾರಗಟ್ಟಲೆ ನೀರು ನಿಲ್ಲಿಸುವವರಿಗೆ ಅದು ಕಡಿಮೆಯೇ ಆಯಿತು. ಆದರೆ ಮೂರು ದಿನಕ್ಕೊಮ್ಮೆ ನೀರು ಬರುವ ವಠಾರದ ಹೆಂಗಸಿಗೆ ನೀರು ಕೂಡಿಟ್ಟದ್ದಕ್ಕೆ ದಂಡ ಹಾಕುವುದು ಅನ್ಯಾಯ. ಮಾರ್ಚಿನಲ್ಲಿ ಹನಿ ಪೋಲು ಮಾಡಬೇಡ ಅಂದವರೇ ಜುಲೈನಲ್ಲಿ ಚೆಲ್ಲು ಅನ್ನುತ್ತಾರೆ. ಅವಳು ಯಾವುದನ್ನು ಕೇಳಬೇಕು? ಅವಳಿಗೆ ಬೇಕಿರುವುದು ದಿನಾ ಒಂದು ಗಂಟೆ ನೀರು. ಅಲ್ಲಿಯವರೆಗೆ ಸರಿಯಾಗಿ ಕೂರುವ ಮುಚ್ಚಳ, ಇಲ್ಲವೇ ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟುವ ಬಲೆ ಬಟ್ಟೆ. ನಲ್ಲಿಯ ನೀರು ನಿಯಮಿತವಾಗಿ ಬರುವ ಹಾಗೆ ಮಾಡುವುದು ಡೆಂಗಿ ಕಾರ್ಯಕ್ರಮದ್ದೇ ಒಂದು ಭಾಗ ಅಂತ ನಾನು ನಂಬಿದ್ದೇನೆ. ಜಲಮಂಡಳಿ ಬೇರೆ, ಆರೋಗ್ಯ ಇಲಾಖೆ ಬೇರೆ ಅಂತ ಕಡತ ನೋಡಿದವರಿಗೆ ಅನಿಸಬಹುದು. ಮಗುವಿನ ಮೈಗೆ ಅದು ಗೊತ್ತಿಲ್ಲ.

ಡ್ರಮ್ಮಿನ ಮುಚ್ಚಳ ಎತ್ತಿ ನೋಡುವವರ ಬಗ್ಗೆಯೂ ಒಂದು ಮಾತು. ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಗೌರವಧನ ಹೆಚ್ಚಿಸಿ ಅಂತ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತಿದ್ದರು. ಅವರು ಕೇಳಿದ್ದು ತಿಂಗಳಿಗೆ ಖಾತರಿಯಾಗಿ 15 ಸಾವಿರ ರೂಪಾಯಿ. ಹವಾಮಾನ ಬದಲಾವಣೆಯನ್ನು ಎದುರಿಸುವ ಯೋಜನೆ ಅಂತ ಎಲ್ಲಾದರೂ ಬರೆದರೆ, ಮೊದಲ ಸಾಲಿನಲ್ಲಿ ಇವರ ಸಂಬಳ ಇರಬೇಕು.

ಎರಡು ತಿಂಗಳು ಮುಂಚೆ ಹೇಳಬಹುದು ಅಂದೆನಲ್ಲ, ಅದು ಕೆಲಸಕ್ಕೆ ಬರಬೇಕಾದ್ದು ಶಾಲೆಗಳಲ್ಲಿ. ನಮ್ಮ ಶಾಲೆಗಳು ಏಪ್ರಿಲಿನಲ್ಲಿ ಮುಚ್ಚಿ ಮೇ ಕೊನೆಗೆ ತೆರೆಯುತ್ತವೆ. ಆ ನಡುವೆ ಸಂಪು, ತಾರಸಿಯ ಸಿಂಟೆಕ್ಸ್, ಶೌಚಾಲಯದ ತೊಟ್ಟಿ, ಮಕ್ಕಳು ಬಿಟ್ಟುಹೋದ ಹೂವಿನ ಕುಂಡ ಎಲ್ಲ ಯಾರೂ ಮುಟ್ಟದೆ ಬಿದ್ದಿರುತ್ತವೆ. ಮೊದಲೆಲ್ಲ ಜೋರು ಮಳೆ ಬರುವುದು ಶಾಲೆ ತೆರೆದ ಮೇಲೆ ಅಂತ ಒಂದು ಅಂದಾಜಿತ್ತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಎಂಟು ದಿನ ಮುಂಚೆ. ಅದಕ್ಕೆ ಮೊದಲು ಅಷ್ಟು ಬೇಗ ಬಂದದ್ದು 2009ರಲ್ಲಿ. ಕರ್ನಾಟಕದಲ್ಲಿ ಆ ಮೇ ಪೂರ್ತಿ ಮಳೆ. ಮಕ್ಕಳು ಹೊಸ ಪುಸ್ತಕದ ಜೊತೆ ಒಳಗೆ ಕಾಲಿಡುವ ಹೊತ್ತಿಗೆ ಸೊಳ್ಳೆಯ ಒಂದೆರಡು ತಲೆಮಾರು ಅಲ್ಲಿ ಆಗಲೇ ಹುಟ್ಟಿರುತ್ತದೆ. ಡೆಂಗಿ ವಿರೋಧಿ ಮಾಸ ಅಂತ ಜುಲೈನಲ್ಲಿ ಜಾಥಾ ಮಾಡುತ್ತೇವೆ. ಸಂಪು ತೊಳೆಯಬೇಕಿದ್ದದ್ದು ಮೇ ಎರಡನೇ ವಾರದಲ್ಲಿ.

ಆ ಮೇನಲ್ಲಿ ನಾವು ನಾಲ್ಕು ಜನ ಪೋಷಕರು ಅಕ್ಕನ ಮಗ ಓದುವ ಶಾಲೆಗೆ ಹೋಗಿ ಕೇಳಿದೆವು. ಟ್ಯಾಂಕ್ ಕ್ಲೀನಿಂಗಿಗೆ ಆದೇಶ ಜೂನಿನಲ್ಲಿ ಬರುತ್ತದೆ ಅಂದರು. ಅಟೆಂಡರ್ ರಾಮಣ್ಣ ಅಂತ ಎಲ್ಲರೂ ಕರೆಯುವ ಹಿರಿಯರೊಬ್ಬರು ಮಾತ್ರ ಏಣಿ ತಂದು ಕೊಟ್ಟರು. “ನಡೀರಿ, ನಾನೂ ಬರ್ತೀನಿ.” ತಾರಸಿ ಹತ್ತಿ ಕಪ್ಪು ಟ್ಯಾಂಕಿನ ಮುಚ್ಚಳ ಸರಿಸಿದೆವು. ಮುಚ್ಚಳಕ್ಕೆ ಒಂದು ಕಡೆ ಅಂಗೈಯಗಲ ಬಿರುಕಿತ್ತು. ತಳದಲ್ಲಿ ಒಂದು ಗೇಣು ನೀರು. ಅದರಲ್ಲಿ ಹುಳು ಕಾಣಲಿಲ್ಲ, ಎಲ್ಲರಿಗೂ ಸಮಾಧಾನವಾಯಿತು. ರಾಮಣ್ಣ ಒಳಗೋಡೆಗೆ ಒಂದು ಬಿಳಿ ಬಟ್ಟೆ ಒತ್ತಿ ಎಳೆದರು. ನೀರಿನ ಗೆರೆಗಿಂತ ಎರಡು ಬೆರಳು ಮೇಲೆ ಉಜ್ಜಿದ ಜಾಗದಲ್ಲಿ ಬಟ್ಟೆಯ ಮೇಲೆ ಮಸಿಯ ಪುಡಿ ಹತ್ತಿಕೊಂಡು ಬಂತು.